ಪರಿವರ್ತಕಗಳೆಲ್ಲವೂ ಒಂದೇ ಅಲ್ಲ

'ಟ್ರಾನ್ಸ್‌ಫಾರ್ಮರ್' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಿಜಯಪುರ ಸೀಮೆಯ ಒಕ್ಕಲಿಗನ ಕಣ್ಣಿಗೆ ಕಟ್ಟುವುದು ಹೊಲದ ಬದುವಿನಲ್ಲಿ ಎರಡು ಕಂಬಗಳ ನಡುವೆ ಕುಳಿತಿರುವ, ಎಣ್ಣೆ ತುಂಬಿದ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಅವನು ಇಟ್ಟುಕೊಂಡಿರುವ ಹೆಸರು 'ಟೀಸಿ'. ತಿಕೋಟಾ, ಹೊನವಾಡ, ಬಬಲೇಶ್ವರಗಳ ಕಡೆ ದ್ರಾಕ್ಷಿಯ ತೋಟವುಳ್ಳವನಿಗೆ ಬೇಸಗೆಯಲ್ಲಿ ಟೀಸಿ ಸುಟ್ಟಿತೆಂದರೆ ಕಣ್ಣಿಗೆ ನಿದ್ರೆಯಿಲ್ಲ. ಊರೆಲ್ಲ ಅದರ ಚರ್ಚೆಯೇ. ಈ ದೊಡ್ಡಣ್ಣನಿಗೆ ಒಬ್ಬ ಪುಟ್ಟ ತಮ್ಮನಿದ್ದಾನೆ. ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಕಳಚಿ ನೋಡಿದರೆ ಧ್ವನಿವರ್ಧಕದ ಬೆನ್ನಿಗೋ, ಅದರ ಬಳಿಯ ತಗಡಿನ ಹಾಸಿಗೋ ಅಂಟಿಕೊಂಡು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾಗಿ ಕಾಣುವ ತಂತಿಯ ಗಂಟು ಅದು. ಅದು ಸುಟ್ಟರೆ ಯಾರೂ ಚರ್ಚಿಸುವುದಿಲ್ಲ. ಗುಜರಿಯವನ ತಕ್ಕಡಿಯಲ್ಲಿ ಅದರ ಕತೆ ಮುಗಿಯುತ್ತದೆ. ಈ ತಮ್ಮನ ಪರವಾಗಿ ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ.

ಕಾಲೇಜುಗಳಲ್ಲಿ ನಾವು ಪರಿವರ್ತಕವನ್ನು ಬೋಧಿಸುವ ಕ್ರಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಕಬ್ಬಿಣದ ತಿರುಳೊಂದರ ಮೇಲೆ ಎರಡು ಸುರುಳಿಗಳು. ಮೊದಲನೆಯದರಲ್ಲಿ ಇಷ್ಟು ಸುತ್ತು, ಎರಡನೆಯದರಲ್ಲಿ ಅಷ್ಟು ಸುತ್ತು. ವೋಲ್ಟುಗಳ ಪ್ರಮಾಣ ಸುತ್ತುಗಳ ಪ್ರಮಾಣಕ್ಕೆ ಸಮ. ಕಪ್ಪು ಹಲಗೆಯ ಮೇಲೆ ಒಂದು ಚಿತ್ರ, ಒಂದು ಸಮೀಕರಣ, ಮೂರು ಲೆಕ್ಕ. ಅಲ್ಲಿಗೆ ಪಾಠ ಮುಗಿಯಿತು. ವಿದ್ಯಾರ್ಥಿ ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನು ಪಡೆಯುತ್ತಾನೆ, ಮತ್ತು ಪರಿವರ್ತಕವೆಂಬುದು ಸುತ್ತುಗಳ ಪ್ರಮಾಣವೇ ಹೊರತು ಬೇರೇನಲ್ಲವೆಂಬ ನಂಬಿಕೆಯನ್ನು ಜೀವಮಾನವಿಡೀ ಹೊತ್ತುಕೊಂಡು ತಿರುಗುತ್ತಾನೆ. ಈ ನಂಬಿಕೆ ಅರ್ಧಸತ್ಯವೆಂದೂ, ಅದನ್ನು ತಿದ್ದುವ ಸಾಧನ ಗುಜರಿ ಅಂಗಡಿಗೆ ಹೋಗುತ್ತಿರುವ ಆ ಹಳೆಯ ತಂತಿಯ ಗಂಟುಗಳಲ್ಲೇ ಇದೆಯೆಂದೂ ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಇಎಲ್೮೪ ಎಂಬ ಕವಾಟ ಒಂದು ಕಾಲಕ್ಕೆ ಮನೆಯ ರೇಡಿಯೋಗಳಲ್ಲಿ ಬಹು ಪ್ರಸಿದ್ಧವಾಗಿತ್ತು. ಒಂಟಿಯಾಗಿ ದುಡಿಯುವಾಗ ಅದು ತನ್ನ ಎದುರಿಗೆ ಸುಮಾರು ೫,೨೦೦ ಓಮ್‌ಗಳ ಭಾರವನ್ನು ಬಯಸುತ್ತದೆ. ಧ್ವನಿವರ್ಧಕವೋ ಕೇವಲ ೪ ಓಮ್‌ನದು. ಇವೆರಡನ್ನೂ ಹೊಂದಿಸುವುದು ನಡುವೆ ಇರುವ ನಿರ್ಗಮ ಪರಿವರ್ತಕದ ಕೆಲಸ. ೫,೨೦೦ನ್ನು ೪ರಿಂದ ಭಾಗಿಸಿ ವರ್ಗಮೂಲ ತೆಗೆದರೆ ೩೬ ಬರುತ್ತದೆ. ಅದೇ ಬೇಕಾದ ಸುತ್ತುಗಳ ಪ್ರಮಾಣ. ಈಗ, ೨೩೦ ವೋಲ್ಟನ್ನು ೬ ವೋಲ್ಟಿಗಿಳಿಸುವ ಸಾಮಾನ್ಯ ಪರಿವರ್ತಕವೊಂದನ್ನು ಅಂಗಡಿಯಿಂದ ತಂದರೆ ಅದರ ಪ್ರಮಾಣ ಸುಮಾರು ೩೮. ಪಠ್ಯಪುಸ್ತಕದ ದೃಷ್ಟಿಯಲ್ಲಿ ಇವೆರಡೂ ಅವಳಿಗಳು. ಆದರೆ ಎರಡನೆಯದನ್ನು ಮೊದಲನೆಯದರ ಸ್ಥಾನದಲ್ಲಿ ಕೂಡಿಸಿ ರೇಡಿಯೋ ಹಚ್ಚಿದರೆ ಹೊರಡುವುದು ಗಾನವಲ್ಲ, ಗಂಟಲು ಕಟ್ಟಿದ ಒಂದು ಗೊಗ್ಗರು ಧ್ವನಿ. ಪ್ರಮಾಣ ಒಂದೇ ಆಗಿದ್ದರೂ ಗುಣ ಬೇರೆಯಾಯಿತೇಕೆ?

ಉತ್ತರ ಒಂದು ಹಾಳೆ ಕಾಗದದಲ್ಲಿದೆ. ಮನೆಯ ವಿದ್ಯುತ್ತು ಪರ್ಯಾಯ ವಿದ್ಯುತ್ತು. ಅದು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸಮನಾಗಿ ತೂಗುತ್ತದೆ. ಕವಾಟದ ಪ್ರವಾಹ ಹಾಗಲ್ಲ. ಇಎಲ್೮೪ರ ಮೂಲಕ ೪೮ ಮಿಲಿ ಆಂಪಿಯರ್‌ಗಳಷ್ಟು ಏಕಮುಖ ಪ್ರವಾಹ ಸದಾ ಹರಿಯುತ್ತಲೇ ಇರುತ್ತದೆ. ಸಂಗೀತದ ಏರಿಳಿತ ಅದರ ಮೇಲೆ ಸವಾರಿ ಮಾಡುತ್ತದೆ. ಪ್ರಾಥಮಿಕ ಸುರುಳಿಯಲ್ಲಿ ೩,೦೦೦ ಸುತ್ತುಗಳಿದ್ದರೆ ತಿರುಳಿನ ಮೇಲೆ ಬೀಳುವ ನಿರಂತರ ಒತ್ತಡ ೧೪೪ ಆಂಪಿಯರ್-ಸುತ್ತು. ತಿರುಳಿನಲ್ಲಿ ಕಾಂತರೇಖೆಗಳ ದಾರಿ ೧೧ ಸೆಂಟಿಮೀಟರ್ ಉದ್ದವಿದೆಯೆಂದು ಹಿಡಿದು ಲೆಕ್ಕ ಹಾಕಿದರೆ ಸಿಲಿಕಾನ್ ಬೆರೆತ ಉಕ್ಕು ಸಂಗೀತ ಪ್ರಾರಂಭವಾಗುವುದಕ್ಕೆ ಮುಂಚೆಯೇ ಸುಮಾರು ೧.೫ ಟೆಸ್ಲಾದವರೆಗೆ ತುಂಬಿ ಕುಳಿತಿರುತ್ತದೆ. ಹೊಟ್ಟೆ ಬಿರಿಯುವಂತೆ ಉಂಡವನಿಗೆ ಮತ್ತೆ ಹೋಳಿಗೆ ಬಡಿಸಿದರೆ ಅವನು ಏನು ಮಾಡಿಯಾನು! ಸ್ವರದ ಒಂದು ಪಾರ್ಶ್ವಕ್ಕೆ ತಿರುಳು ಓಗೊಡುವುದೇ ಇಲ್ಲ.

ಆದುದರಿಂದ ನಿರ್ಗಮ ಪರಿವರ್ತಕವನ್ನು ಕಟ್ಟುವವರು ತಿರುಳಿನಲ್ಲಿ ಉದ್ದೇಶಪೂರ್ವಕವಾಗಿ ಒಂದು ಬಿರುಕನ್ನು ಬಿಡುತ್ತಾರೆ. ತಿರುಳಿನ ತಗಡುಗಳು ಇಂಗ್ಲಿಷಿನ 'ಇ' ಮತ್ತು 'ಐ' ಅಕ್ಷರಗಳ ಆಕಾರದಲ್ಲಿರುತ್ತವೆ. ಅಂಗಡಿಯ ಭಾಷೆಯಲ್ಲಿ ಇವು 'ಸ್ಟ್ಯಾಂಪಿಂಗ್'ಗಳು. ಎಲ್ಲ 'ಇ'ಗಳನ್ನೂ ಒಂದೇ ಕಡೆಗೆ ಮುಖ ಮಾಡಿ ಜೋಡಿಸಿ, ಎಲ್ಲ 'ಐ'ಗಳನ್ನೂ ಎದುರಿಗಿಟ್ಟು, ನಡುವೆ ಒಂದು ಹಾಳೆ ಕಾಗದವನ್ನು ಸೇರಿಸಿ ಬಿಗಿಯುತ್ತಾರೆ. ನಾವು ಬರೆಯಲು ಬಳಸುವ ಕಾಗದದ ದಪ್ಪ ಸುಮಾರು ೦.೧ ಮಿಲಿಮೀಟರ್. ಕಾಂತರೇಖೆಗಳು ಒಂದು ಪ್ರದಕ್ಷಿಣೆಯಲ್ಲಿ ಈ ಬಿರುಕನ್ನು ಎರಡು ಬಾರಿ ದಾಟುವುದರಿಂದ ಒಟ್ಟು ೦.೨ ಮಿಲಿಮೀಟರ್. ಇಷ್ಟರಿಂದ ಏನಾದೀತೆಂದು ಕೇಳಬಹುದು. ಉಕ್ಕಿನ ಕಾಂತ ವಾಹಕತೆ ಗಾಳಿಯದಕ್ಕಿಂತ ೫,೦೦೦ ಪಟ್ಟು ಇದೆಯೆಂದಿಟ್ಟುಕೊಂಡರೆ, ೦.೨ ಮಿಲಿಮೀಟರಿನ ಈ ಬಿರುಕು ಒಂದು ಮೀಟರ್ ಉದ್ದದ ಉಕ್ಕಿಗೆ ಸಮ! ಹನ್ನೊಂದು ಸೆಂಟಿಮೀಟರ್ ದಾರಿಗೆ ನೂರು ಸೆಂಟಿಮೀಟರ್ ಹೊಸದಾಗಿ ಸೇರಿದಂತಾಯಿತು. ಏಕಮುಖ ಪ್ರವಾಹದ ಒತ್ತಡ ಸುಮಾರು ೦.೮ ಟೆಸ್ಲಾಕ್ಕೆ ಇಳಿದು, ಸಂಗೀತಕ್ಕೆ ಎರಡೂ ಕಡೆ ತೂಗಾಡಲು ಎಡೆ ದೊರೆಯುತ್ತದೆ. ಮನೆಯ ವಿದ್ಯುತ್ತಿನ ಪರಿವರ್ತಕದಲ್ಲಾದರೋ ತಗಡುಗಳನ್ನು ಒಂದು ಹೀಗೆ, ಮುಂದಿನದು ಹಾಗೆ ಎಂದು ಹೆಣೆದು, ಬಿರುಕೆಂಬುದೇ ಇಲ್ಲದಂತೆ ಜೋಡಿಸಬೇಕು. ಒಂದಕ್ಕೆ ಗುಣವಾದದ್ದು ಇನ್ನೊಂದಕ್ಕೆ ದೋಷ.

ಇಲ್ಲಿಯೇ ನಮ್ಮ ಊರುಗಳ ಒಂದು ಸಂಕಟವಿದೆ. ಮೋಟಾರು ರಿವೈಂಡಿಂಗ್ ಅಂಗಡಿಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಕೊಳವೆಬಾವಿಗಳಿರುವಲ್ಲಿ ಅವು ಇರಲೇಬೇಕು. ಅಲ್ಲಿನ ಕುಶಲಿಗಳ ಕೈಚಳಕವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಅಜ್ಜನ ಕಾಲದ ರೇಡಿಯೋವನ್ನು ಮತ್ತೆ ಹಾಡಿಸಬೇಕೆಂದು ಆಸೆಪಟ್ಟು ಯಾರಾದರೂ ಅದರ ಪರಿವರ್ತಕವನ್ನು ಅಲ್ಲಿಗೆ ಒಯ್ದರೆ, ಅವರು ಸುತ್ತುಗಳನ್ನು ಎಣಿಸಿ, ಅಷ್ಟೇ ಸುತ್ತುಗಳನ್ನು ಮತ್ತೆ ಸುತ್ತಿ, ತಗಡುಗಳನ್ನು ತಮಗೆ ಅಭ್ಯಾಸವಾದ ರೀತಿಯಲ್ಲಿ ಹೆಣೆದು, ಹರಿದ ಕಾಗದದ ಚೂರನ್ನು ಕಸವೆಂದು ಎಸೆದುಬಿಡುತ್ತಾರೆ. ಲೆಕ್ಕಕ್ಕೆ ಎಲ್ಲವೂ ಸರಿ. ರೇಡಿಯೋ ಮಾತ್ರ ಹಾಡದು. ದೋಷ ಅವರದಲ್ಲ. ಆ ಕಾಗದ ತಿರುಳಿನ ಒಂದು ಅಂಗವೆಂದು ಅವರಿಗೆ ಹೇಳಬೇಕಾದವರು ಯಾರು? ಭೌತವಿಜ್ಞಾನವನ್ನು ಬೋಧಿಸುವ ನಾವೇ ಅಲ್ಲವೆ?

ಇನ್ನೊಂದು ಭೇದವನ್ನು ನೋಡೋಣ. ಟೀಸಿಯ ಜೀವನವೆಲ್ಲ ೫೦ ಹರ್ಟ್ಜ್ ಎಂಬ ಒಂದೇ ಆವೃತ್ತಿಯಲ್ಲಿ, ಅಂದರೆ ಸೆಕೆಂಡಿಗೆ ಐವತ್ತು ಕಂಪನಗಳಲ್ಲಿ, ಕಳೆಯುತ್ತದೆ. ಧ್ವನಿಯ ಪರಿವರ್ತಕ ಡೊಳ್ಳಿನ ಗುಡುಗಿನಿಂದ ಹಿಡಿದು ತಾಳದ ಕಿಣಿಕಿಣಿಯವರೆಗೆ, ೫೦ರಿಂದ ೧೦,೦೦೦ ಹರ್ಟ್ಜ್‌ವರೆಗೆ, ಎಲ್ಲವನ್ನೂ ಸಮದೃಷ್ಟಿಯಿಂದ ಕಾಣಬೇಕು. ಮಂದ್ರಸ್ವರಗಳಿಗೆ ಪ್ರಾಥಮಿಕ ಸುರುಳಿಯ ಪ್ರೇರಕತ್ವ ಹೆಚ್ಚಾಗಿರಬೇಕು. ಮೇಲೆ ಹೇಳಿದ ಕವಾಟಕ್ಕೆ ೫೦ ಹರ್ಟ್ಜ್‌ನಲ್ಲಿ ಅರ್ಧದಷ್ಟಾದರೂ ಶಕ್ತಿ ಉಳಿಯಬೇಕಾದರೆ ೧೫ ಹೆನ್ರಿಗಳಷ್ಟು ಬೇಕು. ಇದಕ್ಕೆ ಸುತ್ತುಗಳನ್ನು ಹೆಚ್ಚಿಸಬೇಕು, ಉಕ್ಕನ್ನು ಹೆಚ್ಚಿಸಬೇಕು. ಆದರೆ ಸುತ್ತುಗಳು ಹೆಚ್ಚಿದಂತೆಲ್ಲ ಒಂದು ಸುರುಳಿಯ ಕಾಂತರೇಖೆಗಳಲ್ಲಿ ಕೆಲವು ಇನ್ನೊಂದನ್ನು ಮುಟ್ಟದೆ ಸೋರಿಹೋಗುತ್ತವೆ. ಪದರ ಪದರಗಳ ನಡುವೆ ವಿದ್ಯುತ್ತು ಸಂಗ್ರಹವಾಗತೊಡಗುತ್ತದೆ. ತಾರಸ್ವರಗಳು ದಾರಿಯಲ್ಲೇ ಕರಗುತ್ತವೆ. ಕೆಳಗಿನದನ್ನು ಗಳಿಸಲು ಹೋದರೆ ಮೇಲಿನದು ಕೈಬಿಡುತ್ತದೆ. ಧ್ವನಿ ಪರಿವರ್ತಕಗಳ ರಚನೆಯ ವೈವಿಧ್ಯವೆಲ್ಲ ಈ ಎರಡು ಕೊನೆಗಳ ನಡುವಣ ಜಗ್ಗಾಟದಿಂದ ಹುಟ್ಟಿದ್ದು. ಬಿರುಕು ಪ್ರೇರಕತ್ವವನ್ನು ತಗ್ಗಿಸುವುದರಿಂದ ಕಷ್ಟ ಇಮ್ಮಡಿಯಾಯಿತೆಂಬುದನ್ನೂ ವಾಚಕರು ಗಮನಿಸಬೇಕು.

ಜಗ್ಗಾಟವನ್ನು ಗೆಲ್ಲುವ ಉಪಾಯವೆಂದರೆ ಸುರುಳಿಗಳನ್ನು ಹಂಚಿ ಸುತ್ತುವುದು. ಪ್ರಾಥಮಿಕದ ಒಂದು ಭಾಗ, ಅದರ ಮೇಲೆ ದ್ವಿತೀಯಕದ ಒಂದು ಭಾಗ, ಮತ್ತೆ ಪ್ರಾಥಮಿಕ, ಮತ್ತೆ ದ್ವಿತೀಯಕ, ಹೀಗೆ. ಎರಡು ಕವಾಟಗಳನ್ನು ಎದುರುಬದುರಾಗಿ ದುಡಿಸುವ ವರ್ಧಕಗಳಲ್ಲಿ ಇನ್ನೊಂದು ಸೌಕರ್ಯವಿದೆ: ಸುರುಳಿಯ ನಡುವಿನಿಂದ ಹೊರಟ ಏಕಮುಖ ಪ್ರವಾಹ ಎರಡು ಕಡೆಗೂ ಹರಿದು ತನ್ನ ಕಾಂತಪ್ರಭಾವವನ್ನು ತಾನೇ ಅಳಿಸಿಕೊಳ್ಳುವುದರಿಂದ ಅಲ್ಲಿ ಕಾಗದದ ಬಿರುಕು ಬೇಡ. ೧೯೪೭ರಲ್ಲಿ ಡಿ.ಟಿ.ಎನ್. ವಿಲಿಯಮ್‌ಸನ್ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ ವರ್ಧಕ ಈ ಬಗೆಯದು. ಅದರ ಪರಿವರ್ತಕಕ್ಕೆ ಅವರು ವಿಧಿಸಿದ ನಿಯಮ ಇದು: ಪ್ರೇರಕತ್ವ ೧೦೦ ಹೆನ್ರಿಗಿಂತ ಕಡಿಮೆಯಾಗಬಾರದು, ಸೋರಿಕೆಯ ಪ್ರೇರಕತ್ವ ೩೦ ಮಿಲಿಹೆನ್ರಿಯನ್ನು ಮೀರಬಾರದು. ಒಂದಕ್ಕೆ ಮೂರು ಸಾವಿರಕ್ಕೂ ಹೆಚ್ಚಿನ ಅಂತರ! ಸುತ್ತುಗಳ ಪ್ರಮಾಣದ ಸಮೀಕರಣದಲ್ಲಿ ಈ ಎರಡು ಸಂಖ್ಯೆಗಳ ಸುಳಿವೂ ಇಲ್ಲ. ಆದರೂ ಅವುಗಳನ್ನು ಸಾಧಿಸಲಾರದವನಿಗೆ ಆ ವರ್ಧಕ ದಕ್ಕುತ್ತಿರಲಿಲ್ಲ.

ಹಳ್ಳಿಗಳ ಬ್ಯಾಟರಿ ರೇಡಿಯೋಗಳ ಮಾತನ್ನೂ ಇಲ್ಲಿ ಎತ್ತಬೇಕು. ಧಾರವಾಡದ ಆಕಾಶವಾಣಿ ಕೇಂದ್ರ ೧೯೫೦ರ ಜನವರಿ ೮ರಂದು ಪ್ರಾರಂಭವಾದಾಗ, ಆಗಿನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯ ಹಳ್ಳಿಗಾಡಿಗೆ ವಿದ್ಯುತ್ತು ಇನ್ನೂ ದೂರದ ಮಾತಾಗಿತ್ತು. ಅಂಥಲ್ಲಿ ಕನ್ನಡದ ಧ್ವನಿಯನ್ನು ಕೇಳಿಸಬಲ್ಲ ಸಾಧನವೆಂದರೆ ೯೦ ವೋಲ್ಟಿನ ಒಣಬ್ಯಾಟರಿಯ ರೇಡಿಯೋ. ಅದರ ೩ಎಸ್೪ ಎಂಬ ಕವಾಟ ಏಳು ಮಿಲಿ ಆಂಪಿಯರ್‌ಗಳಷ್ಟರಲ್ಲೇ ತೃಪ್ತಿಪಟ್ಟು ಕಾಲು ವಾಟಿನಷ್ಟು ಧ್ವನಿಶಕ್ತಿಯನ್ನು ಕೊಡುತ್ತಿತ್ತು. ಅದಕ್ಕೆ ತಕ್ಕ ಪರಿವರ್ತಕ ಹೆಬ್ಬೆರಳಿನ ಗಾತ್ರದ್ದು. ತಂತಿ ಕೂದಲೆಳೆಯಷ್ಟು ಸಣ್ಣದು. ಮುಂದೆ ಬಂದ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಅದಕ್ಕಿಂತಲೂ ಪುಟ್ಟವು ಎರಡೆರಡು ಇದ್ದವು. ಟ್ರಾನ್ಸಿಸ್ಟರು ಕಡಿಮೆ ವೋಲ್ಟಿನಲ್ಲಿ ಹೆಚ್ಚು ಪ್ರವಾಹವನ್ನು ಬಯಸುವುದರಿಂದ ಸಾವಿರಗಟ್ಟಲೆ ಸುತ್ತುಗಳು ನೂರುಗಳಿಗೆ ಇಳಿದವು, ಅಷ್ಟೇ.

ಎಲ್ಲಕ್ಕಿಂತ ನಾಜೂಕಿನ ಕುಲ ಮೈಕ್ರೊಫೋನಿನ ಪರಿವರ್ತಕಗಳದು. ಇಲ್ಲಿ ಶಕ್ತಿಯ ಪ್ರಶ್ನೆಯೇ ಇಲ್ಲ. ಬರುವ ಸಂಕೇತ ವೋಲ್ಟಿನ ಸಾವಿರದ ಒಂದಂಶದಷ್ಟು. ಇಷ್ಟು ಕ್ಷೀಣವಾದ ಪ್ರೇರಣೆಗೆ ಸಾಮಾನ್ಯ ಉಕ್ಕು ಕಣ್ಣು ತೆರೆಯುವುದೂ ಇಲ್ಲ. ಆದುದರಿಂದ ಮುಕ್ಕಾಲು ಪಾಲಿಗೂ ಹೆಚ್ಚು ನಿಕ್ಕಲ್ ಇರುವ 'ಮ್ಯೂಮೆಟಲ್' ಎಂಬ ಮಿಶ್ರಲೋಹದ ತಿರುಳನ್ನು ಹಾಕುತ್ತಾರೆ. ಸಮುದ್ರದಡಿಯ ತಂತಿವರ್ತಮಾನದ ಕೇಬಲ್ಲುಗಳಿಗಾಗಿ ೧೯೨೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲೋಹವಿದು. ಹೊರಗಿನ ಕಾಂತಕ್ಷೇತ್ರದಿಂದ 'ಗುಂಯ್' ಎಂಬ ನಾದ ನುಸುಳದಿರಲೆಂದು ಇಡೀ ಪರಿವರ್ತಕವನ್ನು ಅದೇ ಲೋಹದ ಡಬ್ಬಿಯೊಳಗೆ ಮುಚ್ಚಿಡುವುದೂ ಉಂಟು. ಈ ಲೋಹದ ಮೈ ಹೂವಿನಂಥದು. ನೆಲಕ್ಕೆ ಬೀಳಿಸಿದರೆ ಅದರ ಗುಣ ಕುಂದುತ್ತದೆ. ತಂತಿ ಕಡಿದಿದೆಯೋ ಇಲ್ಲವೋ ಎಂದು ನೋಡಲು ಮಲ್ಟಿಮೀಟರಿನ ಓಮ್ ಭಾಗವನ್ನು ಹಚ್ಚಿದರೂ, ಆ ಮಾಪಕದ ಸಣ್ಣ ಬ್ಯಾಟರಿಯ ಏಕಮುಖ ಪ್ರವಾಹದಿಂದಲೇ ತಿರುಳಿಗೆ ಶಾಶ್ವತ ಕಾಂತತ್ವ ಅಂಟಿಕೊಳ್ಳಬಹುದು. ಮೊದಲ ಪ್ರಕಾರದ ಪರಿವರ್ತಕಕ್ಕೆ ದಿನವಿಡೀ ೪೮ ಮಿಲಿ ಆಂಪಿಯರ್ ಹರಿದರೂ ಚಿಂತೆಯಿಲ್ಲ. ಇದಕ್ಕೆ ಒಂದು ಕ್ಷಣದ ಪರೀಕ್ಷೆಯೂ ಗಂಡಾಂತರ. ಇವೆರಡಕ್ಕೂ ಒಂದೇ ಚಿತ್ರ, ಒಂದೇ ಸಮೀಕರಣವನ್ನು ಹಲಗೆಯ ಮೇಲೆ ಬರೆದು ನಾವು ಕೈತೊಳೆದುಕೊಳ್ಳುತ್ತಿದ್ದೇವೆ!

ಇಂದಿಗೂ ಬೀದಿಯಲ್ಲಿ ಕಾಣಸಿಗುವ ಧ್ವನಿ ಪರಿವರ್ತಕ ಬೇಕಾದರೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಬಹುದು. ಕಂಬಕಂಬಕ್ಕೂ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕಗಳಲ್ಲಿ, ದೂರದವರೆಗೆ ಸಾಲಾಗಿ ಹಬ್ಬಿದವುಗಳ ಬೆನ್ನಿಗೆ ಒಂದೊಂದು ಪುಟ್ಟ ಪರಿವರ್ತಕ ಇರುತ್ತದೆ. ೮ ಓಮ್‌ನ ತಂತಿಯಲ್ಲಿ ೧೦೦ ವಾಟ್ ಶಕ್ತಿಯನ್ನು ಕಳುಹಿಸಿದರೆ ಪ್ರವಾಹ ಮೂರೂವರೆ ಆಂಪಿಯರ್. ಅದನ್ನೇ ೧೦೦ ವೋಲ್ಟಿಗೇರಿಸಿ ಕಳುಹಿಸಿದರೆ ಒಂದೇ ಆಂಪಿಯರ್. ತಂತಿಯಲ್ಲಿ ವ್ಯರ್ಥವಾಗುವ ಶಕ್ತಿ ಹನ್ನೆರಡು ಪಟ್ಟಿಗೂ ಹೆಚ್ಚು ತಗ್ಗುತ್ತದೆ. ಟೀಸಿಯ ತತ್ತ್ವವೇ ಇದು. ಹಾಡಿಗೆ ಅನ್ವಯಿಸಿದೆ ಮಾತ್ರ. ಆದರೆ ಕಹಳೆ ೩೦೦ ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳನ್ನು ಹೇಗೂ ಸರಿಯಾಗಿ ನುಡಿಯಲಾರದಾದ್ದರಿಂದ ಅದರ ಪರಿವರ್ತಕದಲ್ಲಿ ಉಕ್ಕನ್ನು ಮಿತವಾಗಿ ಹಾಕಿರುತ್ತಾರೆ. ಭಾಷಣಕ್ಕೂ ಭಜನೆಗೂ ಅದು ಸಾಕು. ಅದೇ ತಂತಿಗೆ ಮೊಬೈಲಿನಿಂದ ಅಬ್ಬರದ ಮಂದ್ರಸ್ವರಗಳ ಚಿತ್ರಗೀತೆಯನ್ನು ಹರಿಯಬಿಟ್ಟರೆ ತಿರುಳು ತುಂಬಿಹೋಗಿ ಪರಿವರ್ತಕ ಕೇವಲ ತಂತಿಯಾಗುತ್ತದೆ. ವರ್ಧಕ ಬಿಸಿಯೇರಿ ಬಾಯಿ ಮುಚ್ಚುತ್ತದೆ. ಜಾತ್ರೆಯಲ್ಲಿ 'ಮಶೀನು ಕೆಟ್ಟಿತು' ಎಂದು ಗೊಣಗುವ ಜನರಿಗೆ ಕಾರಣ ಇಷ್ಟೇ ಎಂದು ಹೇಳುವವರಿಲ್ಲ.

ಪ್ರಸಾರದ ಕಡೆಯ ಪರಿವರ್ತಕಕ್ಕೆ ಇನ್ನೂ ಕಠಿಣವಾದ ಕಾಯಕ. ಪ್ರಸಾರಯಂತ್ರದ ಕೊನೆಯ ಹಂತಕ್ಕೆ ೧೦೦ ವಾಟ್ ಏಕಮುಖ ಶಕ್ತಿ ಹೋಗುತ್ತಿದ್ದರೆ ಅದರ ಮೇಲೆ ಪೂರ್ಣವಾಗಿ ಧ್ವನಿಯನ್ನು ಮುದ್ರಿಸಲು ೫೦ ವಾಟ್ ಧ್ವನಿಶಕ್ತಿ ಬೇಕು. ವೋಲ್ಟು ೬೦೦ ಇದ್ದಲ್ಲಿ ಸ್ವರದ ಏರಿಳಿತದೊಂದಿಗೆ ಸೊನ್ನೆಯಿಂದ ೧,೨೦೦ರವರೆಗೆ ಜೀಕುತ್ತದೆ. ಉಕ್ಕು ಎಷ್ಟು ಮುಖ್ಯವೋ ಪದರಗಳ ನಡುವಣ ಕಾಗದ, ವಾರ್ನಿಷ್‌ಗಳೂ ಇಲ್ಲಿ ಅಷ್ಟೇ ಮುಖ್ಯ. ಇಂದಿನ ದೊಡ್ಡ ಕೇಂದ್ರಗಳ ಟ್ರಾನ್ಸಿಸ್ಟರ್ ಪ್ರಸಾರಯಂತ್ರಗಳಲ್ಲಿ ಈ ಪರಿವರ್ತಕಕ್ಕೆ ಸ್ಥಾನವಿಲ್ಲವಾದರೂ, ಕನ್ನಡನಾಡಿನ ರೇಡಿಯೋ ಚರಿತ್ರೆಯ ಆರಂಭವನ್ನು ಇಂಥ ಸಲಕರಣೆಗಳ ಕಾಲವನ್ನು ಬಿಟ್ಟು ಹೇಳುವಂತಿಲ್ಲ. ಮೈಸೂರಿನಲ್ಲಿ ೧೯೩೫ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ೩೦ ವಾಟಿನ ಯಂತ್ರದಿಂದ ಪ್ರಸಾರವನ್ನು ಪ್ರಾರಂಭಿಸಿದ್ದು ತಮ್ಮ ಮನೆಯಲ್ಲಿ. ಅವರು ಮಹಾರಾಜಾ ಕಾಲೇಜಿನಲ್ಲಿ ಬೋಧಿಸುತ್ತಿದ್ದುದು ಮನಶ್ಶಾಸ್ತ್ರವನ್ನು! ಮನಶ್ಶಾಸ್ತ್ರದ ಅಧ್ಯಾಪಕರು ಪ್ರಸಾರಯಂತ್ರಕ್ಕೆ ಕೈಹಾಕಿದ ನಾಡಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು ಒಂದು ಪರಿವರ್ತಕವನ್ನು ಬಿಚ್ಚಿ ತೋರಿಸಲು ಹಿಂದೆಗೆಯುವುದು ಸಂಕೋಚದ ಸಂಗತಿಯಲ್ಲವೆ?

ಹಳೆಯ ಪರಿವರ್ತಕಗಳನ್ನು ಉಳಿಸಿಕೊಳ್ಳಬೇಕೆಂದು ನಾವು ಹೇಳುವುದಕ್ಕೆ ವಿಶೇಷವಾದ ಒಂದು ಕಾರಣವುಂಟು. ಕವಾಟಕ್ಕೆ ಹೆಸರಿದೆ. ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಹಾಲೆಂಡಿನ ಫಿಲಿಪ್ಸ್ ಸಹಯೋಗದಿಂದ ೧೯೬೧ರಲ್ಲಿ ರೇಡಿಯೋ ಕವಾಟಗಳನ್ನೂ, ಮರುವರ್ಷ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಅಂಥ ಕವಾಟದ ಮೈಮೇಲೆ ಅಂಕಿತವಾದ ಸಂಖ್ಯೆಯನ್ನು ಕೈಪಿಡಿಯಲ್ಲಿ ಹುಡುಕಿದರೆ ಅದರ ಜಾತಕವೆಲ್ಲ ದೊರೆಯುತ್ತದೆ. ಪರಿವರ್ತಕಕ್ಕೆ ಬಹುಮಟ್ಟಿಗೆ ಹೆಸರಿಲ್ಲ, ಕೈಪಿಡಿಯಿಲ್ಲ. ಎಷ್ಟು ಸುತ್ತು, ಯಾವ ತಗಡು, ಎಷ್ಟು ಹಂಚಿಕೆ, ಎಷ್ಟು ಬಿರುಕು ಎಂಬುದು ಅದರ ಹೊಟ್ಟೆಯಲ್ಲೇ ಇರುತ್ತದೆ. ಕೆಲವು ನೂರು ಗ್ರಾಮ್ ತಾಮ್ರದ ಆಸೆಗೆ ಅದನ್ನು ಬೆಂಕಿಗೆ ಹಾಕಿದರೆ ಓದದೆ ಸುಟ್ಟ ಓಲೆಗರಿಯಂತೆ ಆ ಲೆಕ್ಕವೂ ಬೂದಿಯಾಗುತ್ತದೆ. ಎಷ್ಟೋ ಪ್ರಯೋಗಶಾಲೆಗಳಲ್ಲಿ ಹಳೆಯ ವರ್ಧಕಗಳನ್ನು 'ನಿರುಪಯುಕ್ತ ಸಾಮಗ್ರಿ'ಯೆಂದು ಪಟ್ಟಿಮಾಡಿ ತೂಕದ ಮೇಲೆ ಹರಾಜು ಹಾಕುವ ಪದ್ಧತಿಯಿದೆ. ಪಟ್ಟಿಗೆ ಸಹಿ ಹಾಕುವವರು ಭೌತವಿಜ್ಞಾನದ ಪದವೀಧರರೇ ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಇಂದಿನ ವರ್ಧಕಗಳಲ್ಲಿ ನಿರ್ಗಮ ಪರಿವರ್ತಕವೇ ಇಲ್ಲ; ಉಗುರಿನಷ್ಟು ದೊಡ್ಡ ಚಿಪ್ಪು ಧ್ವನಿವರ್ಧಕವನ್ನು ನೇರವಾಗಿ ನಡೆಸುತ್ತದೆ; ಸತ್ತ ವಿದ್ಯೆಯನ್ನು ಹುಡುಗರ ತಲೆಗೆ ತುಂಬುವುದೇಕೆ, ಪಾಠದ ಅವಧಿಗಳಾದರೂ ಎಲ್ಲಿವೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅವಧಿಗಳ ಕೊರತೆಯನ್ನು ನಾವು ಒಪ್ಪುತ್ತೇವೆ. ವಿದ್ಯೆ ಸತ್ತಿದೆಯೆಂಬುದನ್ನು ಒಪ್ಪಲಾರೆವು. ಹುಡುಗರ ಕಿಸೆಯ ಮೊಬೈಲಿಗೆ ವಿದ್ಯುತ್ತನ್ನೂಡುವ ಚಾರ್ಜರನ್ನು ಒಡೆದು ನೋಡಿರಿ. ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಿಡಿಯುವ ಒಂದು ಪುಟ್ಟ ಫೆರೈಟ್ ಪರಿವರ್ತಕ ಅದರಲ್ಲಿರುತ್ತದೆ. ಅದರ ತಿರುಳಿನ ಎರಡು ಹೋಳುಗಳ ನಡುವೆ, ಇಎಲ್೮೪ರ ಪರಿವರ್ತಕದಲ್ಲಿದ್ದ ಅದೇ ಬಗೆಯ ಬಿರುಕನ್ನು ಬೇಕೆಂದೇ ಬಿಟ್ಟಿರುತ್ತಾರೆ. ಸೋರಿಕೆಯನ್ನು ತಗ್ಗಿಸಲು ಸುರುಳಿಗಳನ್ನು ಹಂಚಿ ಸುತ್ತುವ ಜಾಣ್ಮೆಯೂ ಅಲ್ಲಿದೆ. ಅದು ಕಣ್ಣಿಗೆ ತೋರದಷ್ಟು ಚಿಕ್ಕದು. ರೇಡಿಯೋದ ಪರಿವರ್ತಕ ಕೈಯಲ್ಲಿ ಹಿಡಿದು ನೋಡುವಷ್ಟು ದೊಡ್ಡದು. ಬೋಧನೆಗೆ ಯಾವುದು ಯೋಗ್ಯವೆಂದು ಬೇರೆ ಹೇಳಬೇಕಿಲ್ಲ.

ಆದುದರಿಂದ ಪದವಿ ತರಗತಿಗಳ ಪ್ರಯೋಗಗಳಲ್ಲಿ ಒಂದನ್ನು ಇದಕ್ಕೆ ಮೀಸಲಿಡಬೇಕೆಂದು ನಮ್ಮ ಸೂಚನೆ. ಹೊಸ ಖರ್ಚೇನೂ ಇಲ್ಲ. ಗುಜರಿಯಿಂದ ತಂದ ಒಂದು ನಿರ್ಗಮ ಪರಿವರ್ತಕ, ೨೩೦ಕ್ಕೆ ೬ ವೋಲ್ಟಿನ ಒಂದು ಸಾಮಾನ್ಯ ಪರಿವರ್ತಕ, ಪ್ರಯೋಗಶಾಲೆಯಲ್ಲಿ ಹೇಗೂ ಇರುವ ಧ್ವನಿ ಆವೃತ್ತಿಯ ಆಂದೋಲಕ ಮತ್ತು ಆಸಿಲೊಸ್ಕೋಪ್. ಒಂದೊಂದಕ್ಕೂ ೫೦ರಿಂದ ೧೦,೦೦೦ ಹರ್ಟ್ಜ್‌ವರೆಗೆ ಸಂಕೇತವನ್ನು ಕೊಟ್ಟು ನಕ್ಷೆಯನ್ನು ಬರೆಯಲಿ. ಆಮೇಲೆ ಸಣ್ಣ ಬ್ಯಾಟರಿ ಸಮೂಹದಿಂದ ಪ್ರಾಥಮಿಕದಲ್ಲಿ ಏಕಮುಖ ಪ್ರವಾಹವನ್ನೂ ಸ್ವಲ್ಪ ಸ್ವಲ್ಪವಾಗಿ ಹರಿಸಿ ಯಾವುದು ಮೊದಲು ಶರಣಾಗುವುದೆಂದು ನೋಡಲಿ. ಹಳೆಯ ಕವಾಟದ ರೇಡಿಯೋವನ್ನೇ ತೆರೆಯುವುದಾದರೆ ಅಧ್ಯಾಪಕರು ಬಳಿಯಲ್ಲಿರಬೇಕು. ತಂತಿಯನ್ನು ಕಿತ್ತ ಮೇಲೂ ಅದರ ಕಂಡೆನ್ಸರುಗಳಲ್ಲಿ ೨೫೦ ವೋಲ್ಟ್ ಕಾದು ಕುಳಿತಿರಬಹುದು. ಧ್ವನಿವರ್ಧಕವನ್ನು ಬಿಡಿಸಿ ರೇಡಿಯೋ ಹಚ್ಚುವುದೂ ಸಲ್ಲದು. ಭಾರವಿಲ್ಲದ ಪರಿವರ್ತಕದಲ್ಲಿ ವೋಲ್ಟು ಹುಚ್ಚಾಗಿ ಏರಿ ಪದರಗಳನ್ನು ಸೀಳುತ್ತದೆ.

ಕೊನೆಗೆ, ತಂತಿ ಕಡಿದು ಇನ್ನು ಯಾವ ಉಪಯೋಗಕ್ಕೂ ಬಾರದ ಒಂದನ್ನು ಆರಿಸಿ ತಗಡು ತಗಡಾಗಿ ಬಿಚ್ಚಲಿ. ಸುತ್ತುಗಳನ್ನು ಎಣಿಸುತ್ತ ತಂತಿಯನ್ನು ಉರುಳೆಗೆ ಸುತ್ತಲಿ. ಕಂಡದ್ದನ್ನು ಒಂದು ರಟ್ಟಿನ ಚೀಟಿಯಲ್ಲಿ ಬರೆದು ಕಪಾಟಿನಲ್ಲಿಡಲಿ: ಯಾವ ರೇಡಿಯೋದ್ದು, ಯಾವ ಕವಾಟಕ್ಕೆ, ತಗಡಿನ ಅಳತೆ ಮತ್ತು ಎಣಿಕೆ, ತಂತಿಯ ಗೇಜು, ಯಾವ ಪದರದಲ್ಲಿ ಎಷ್ಟು ಸುತ್ತು, ದ್ವಿತೀಯಕ ಎಲ್ಲಿ ಕುಳಿತಿತ್ತು, ತಗಡುಗಳ ನಡುವೆ ಕಾಗದವಿತ್ತೇ, ಇದ್ದರೆ ಅದರ ದಪ್ಪವೆಷ್ಟು. ರಿವೈಂಡಿಂಗ್ ಅಂಗಡಿಯವರು ಕೇಳಿದಾಗ ಆ ಚೀಟಿಯ ಒಂದು ಪ್ರತಿಯನ್ನು ಅವರಿಗೂ ಕೊಡಬಹುದು.